ಪಾಪುವಾ ನ್ಯೂ ಗಿನಿಯ ಬೆಟ್ಟದ ಹಳ್ಳಿಗಳಲ್ಲಿ ಜನ ನಿಜಕ್ಕೂ ಹೇಗೆ ಬದುಕುತ್ತಾರೆ?

ನೀವು ಕೇಳಿರುವುದು ಮೂರು ಪ್ರಶ್ನೆ. ಅಲ್ಲಿನ ಜನ ಇನ್ನೂ ಶಿಲಾಯುಗದಲ್ಲೇ ಇದ್ದಾರಾ, ನರಮಾಂಸ ತಿನ್ನುವವರು ಈಗಲೂ ಇದ್ದಾರಾ, ನಿಮ್ಮಂಥ ಸಸ್ಯಾಹಾರಿ ಅಲ್ಲಿಗೆ ಹೋದರೆ ಗತಿ ಏನು. ಮೊದಲ ಎರಡಕ್ಕೆ ನನ್ನ ಉತ್ತರ ‘ಇಲ್ಲ’ ಅನ್ನುವುದೇ. ಮೂರನೆಯದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಮೂಡಿಗೆರೆ ಕಡೆಯವನು. ಕಾಫಿ ಗುಣಮಟ್ಟ ನೋಡುವ ಕೆಲಸದ ಮೇಲೆ ಕೆಲವು ವರ್ಷ ಗೊರೊಕಾ ಪಟ್ಟಣದಲ್ಲಿದ್ದೆ. ಅದು ಈಸ್ಟರ್ನ್ ಹೈಲ್ಯಾಂಡ್ಸ್ ಪ್ರಾಂತ್ಯದ ಮುಖ್ಯ ಊರು, ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಕಾಫಿ ಬೆಳೆಯುವ ಹಳ್ಳಿಗಳಿಗೆ ಹೋಗುವುದು, ಅಲ್ಲೇ ಉಳಿಯುವುದು, ಅವರು ಪಲ್ಪ್ ಮಾಡುವುದು (ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವುದು), ಒಣಗಿಸುವುದು ಎಲ್ಲ ನೋಡಿ ಬರುವುದು ನನ್ನ ಕೆಲಸವೇ ಆಗಿತ್ತು. ಹಾಗಾಗಿ ನಾನು ಹೇಳುವುದು ಹೆಚ್ಚಾಗಿ ಆ ಭಾಗದ ಮಾತು. ಈ ದೇಶ ಇರುವ ನ್ಯೂ ಗಿನಿ ದ್ವೀಪದ ಪಶ್ಚಿಮದ ಅರ್ಧ ಇಂಡೋನೇಷ್ಯಾಕ್ಕೆ ಸೇರಿದ್ದು, ಅಲ್ಲಿನ ರಾಜಕೀಯವೇ ಬೇರೆ, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಮೊದಲು ದಾರಿಯ ವಿಷಯ ಹೇಳಬೇಕು, ಯಾಕೆಂದರೆ ನನ್ನ ಪ್ರಕಾರ ಉಳಿದದ್ದೆಲ್ಲ ಅದಕ್ಕೇ ಅಂಟಿಕೊಂಡಿದೆ. ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಬೆಟ್ಟದ ಪ್ರಾಂತ್ಯಗಳಿಗೆ ರಸ್ತೆಯೇ ಇಲ್ಲ, ವಿಮಾನವೇ ಗತಿ. ಇನ್ನೊಂದು ಕರಾವಳಿಯ ಲೇ ಬಂದರಿನಿಂದ ಒಂದು ಹೆದ್ದಾರಿ ಬೆಟ್ಟ ಹತ್ತಿ ಗೊರೊಕಾ, ಕುಂಡಿಯಾವಾ, ಮೌಂಟ್ ಹೇಗನ್ ದಾಟಿ ಒಳಗೆ ಹೋಗುತ್ತದೆ. ಬೆಟ್ಟದವರ ಅಕ್ಕಿ, ಸೀಮೆಣ್ಣೆ, ತಗಡು, ಕಾಫಿ ಎಲ್ಲದಕ್ಕೂ ಅದೊಂದೇ ದಾರಿ. ಅದರ ಪಕ್ಕದ ಹಳ್ಳಿಯಲ್ಲಿ ತಗಡಿನ ಮನೆ, ಅಂಗಡಿ, ಲ್ಯಾಂಡ್ ಕ್ರೂಸರ್ ಎಲ್ಲ ಕಾಣಿಸುತ್ತದೆ. ಅಲ್ಲಿಂದ ಒಂದೆರಡು ದಿನ ನಡೆದು ಹೋಗಬೇಕಾದ ಹಳ್ಳಿ ಬೇರೆಯೇ ಲೋಕ.

ಮಾರವಾಕಾ ಅಂತ ಒಂದು ಕಣಿವೆ ಇದೆ. ಬಾರುಯಾ ಎನ್ನುವ ಜನರ ಊರುಗಳು. ಅಲ್ಲಿಗೆ ಗೊರೊಕಾದಿಂದ ಪುಟ್ಟ ವಿಮಾನದಲ್ಲಿ ಹೋಗಬೇಕು. ಹತ್ತುವ ಮೊದಲು ಚೀಲದ ಜೊತೆ ನಿಮ್ಮನ್ನೂ ತೂಗುತ್ತಾರೆ, ಎಲ್ಲರೆದುರೇ, ನಾಚಿಕೊಳ್ಳುವ ಹಾಗಿಲ್ಲ. ಇಂಥ ಕಡೆಯ ರನ್‌ವೇ ಅಂದರೆ ಬೆಟ್ಟದ ಓರೆಯಲ್ಲಿ ಕತ್ತರಿಸಿದ ಹುಲ್ಲಿನ ಪಟ್ಟಿ. ಎಷ್ಟೋ ಕಡೆ ಅದು ಇಳಿಜಾರೇ. ಇಳಿಯುವಾಗ ಏರಿನ ಕಡೆ ಮುಖ, ಹಾರುವಾಗ ಇಳಿಜಾರಿನ ಕಡೆ. ಬೆಳಗಿನ ಹೊತ್ತಿನಲ್ಲೇ ಬಂದು ಹೋಗಬೇಕು, ಮಧ್ಯಾಹ್ನವಾದರೆ ಮೋಡ ಮುಚ್ಚಿಕೊಳ್ಳುತ್ತದೆ. ಮಳೆ ಹಿಡಿದರೆ ವಿಮಾನ ಇಲ್ಲ. ವಿಮಾನ ಇಲ್ಲ ಅಂದರೆ ಉಪ್ಪು, ಸೋಪು, ಔಷಧಿ, ಮೇಷ್ಟರು ಯಾರೂ, ಯಾವುದೂ ಇಲ್ಲ.

ಈಗ ಶಿಲಾಯುಗದ ಮಾತಿಗೆ ಬರೋಣ. 1930ರವರೆಗೆ ಹೊರಗಿನವರು ಈ ದ್ವೀಪದ ನಡುವೆ ಬರೀ ಬೆಟ್ಟ, ಕಾಡು, ಜನ ಇಲ್ಲ ಅಂದುಕೊಂಡಿದ್ದರು. ಚಿನ್ನ ಹುಡುಕಿಕೊಂಡು ಹೋದ ಆಸ್ಟ್ರೇಲಿಯಾದ ಮಿಕ್ ಲೇಹಿ, ಮಿಕ್ ಡ್ವೈಯರ್ 1930ರಲ್ಲಿ ಒಳಗೆ ಹೊಕ್ಕರು, 1933ರಲ್ಲಿ ಲೇಹಿ ಸಹೋದರರು ವಾಗಿ ಕಣಿವೆಯನ್ನು ವಿಮಾನದಿಂದ ನೋಡಿದರೆ ಉದ್ದಕ್ಕೂ ಚೌಕ ಚೌಕ ಹೊಲ, ಮನೆ, ಬೇಲಿ. ಬೆಟ್ಟಸೀಮೆಯಲ್ಲಿ ಎಲ್ಲ ಸೇರಿ ಹತ್ತಿರ ಹತ್ತಿರ ಹತ್ತು ಲಕ್ಷ ಜನ ವ್ಯವಸಾಯ ಮಾಡಿಕೊಂಡಿದ್ದರು. ಎತ್ತರದ ಮೇಲೆ ಮಲೇರಿಯಾ ಕಡಿಮೆ, ಮಣ್ಣು ಒಳ್ಳೆಯದು, ಹಾಗಾಗಿ ಜನ ಜಾಸ್ತಿ. ಹೇಗನ್ ಹತ್ತಿರ ಕುಕ್ ಅನ್ನುವ ಜೌಗು ನೆಲದಲ್ಲಿ ಅಗೆದಾಗ ಸಿಕ್ಕಿದ ಕಾಲುವೆಗಳು, ದಿಬ್ಬಗಳು ಸುಮಾರು ಏಳು ಸಾವಿರ ವರ್ಷದ ಹಿಂದೆಯೇ ಶುರುವಾದ ಬೇಸಾಯದ ಗುರುತು. ಬಾಳೆಯನ್ನು ಅಷ್ಟು ಹಿಂದೆಯೇ ಅಲ್ಲಿ ನೆಟ್ಟು ಬೆಳೆಸುತ್ತಿದ್ದರು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಾರುಯಾ ಜನ ತಾವೇ ಬೆಳೆಸಿದ ಒಂದು ಜಾತಿಯ ಜೊಂಡನ್ನು ಸುಟ್ಟು, ಬೂದಿಯ ನೀರು ಬಸಿದು, ಕುದಿಸಿ ಉಪ್ಪಿನ ಗಟ್ಟಿ ಮಾಡಿ ಸುತ್ತಲಿನವರಿಗೆ ಮಾರುತ್ತಿದ್ದರು. ಆ ವ್ಯಾಪಾರದಲ್ಲೇ ಉಕ್ಕಿನ ಕೊಡಲಿ ಕೈಯಿಂದ ಕೈಗೆ ದಾಟಿ ಅವರ ಕಣಿವೆ ಸೇರಿತ್ತು. ಬಿಳಿಯ ಅಧಿಕಾರಿಯ ಮೊದಲ ತಂಡ ಅಲ್ಲಿಗೆ ಕಾಲಿಟ್ಟಿದ್ದು 1951ರಲ್ಲಿ. ಅಷ್ಟರಲ್ಲಿ ಕಲ್ಲಿನ ಕೊಡಲಿ ಮೂಲೆಗೆ ಬಿದ್ದಾಗಿತ್ತು.

ಗರಿ, ಬಣ್ಣ, ಮಣ್ಣಿನ ಮುಖವಾಡ ನೀವು ವಿಡಿಯೋದಲ್ಲಿ ನೋಡಿರುತ್ತೀರಿ. ಅದು ಹಬ್ಬದ ಉಡುಪು. ಗೊರೊಕಾದಲ್ಲಿ 1957ರಿಂದ ದೊಡ್ಡ ಮೇಳ ನಡೆಯುತ್ತದೆ, ಅಲ್ಲಿ ಹಾಕಿಕೊಳ್ಳುತ್ತಾರೆ. ಉಳಿದ ದಿನ ಆಸ್ಟ್ರೇಲಿಯಾದಿಂದ ಮೂಟೆ ಮೂಟೆ ಬರುವ ಹಳೆ ಟೀಶರ್ಟು, ಜಾಕೆಟ್ಟು, ಕಾಲಿಗೆ ಗಮ್‌ಬೂಟು ಅಥವಾ ಏನೂ ಇಲ್ಲ.

ಊಟ ಅಂದರೆ ಗೆಣಸು. ಅವರು ಕೌಕೌ ಅನ್ನುತ್ತಾರೆ. ಬೆಳಿಗ್ಗೆ ಕೆಂಡದಲ್ಲಿ ಸುಟ್ಟದ್ದು, ಸಂಜೆ ಬೇಯಿಸಿದ್ದು, ಮಧ್ಯೆ ಹಸಿವಾದರೆ ಬೆಳಗಿನದೇ ತಣ್ಣಗಿರುವುದು. ಜೊತೆಗೆ ಕುಂಬಳದ ಕುಡಿ, ಸೊಪ್ಪು, ಕೆಸುವಿನ ಗೆಡ್ಡೆ, ಬಾಳೆಕಾಯಿ, ಕಬ್ಬು. ವಿಚಿತ್ರ ಅಂದರೆ ಗೆಣಸು ಅವರ ಹಳೆಯ ಬೆಳೆ ಅಲ್ಲ. ದಕ್ಷಿಣ ಅಮೆರಿಕದ ಗೆಡ್ಡೆ, ಕೆಲವು ನೂರು ವರ್ಷದ ಹಿಂದೆ ಬಂದು ಕೆಸುವನ್ನು ಪಕ್ಕಕ್ಕೆ ತಳ್ಳಿತು. ಕೆಸು ಬಾರದ ಚಳಿಯ ಎತ್ತರದಲ್ಲೂ ಅದು ಬರುತ್ತದೆ. ಗೆಣಸನ್ನು ಕೂಡಿಡುವ ಪದ್ಧತಿ ಇಲ್ಲ. ದಿನಾ ಹೆಂಗಸರು ಹೋಗಿ ಆ ದಿನಕ್ಕೆ ಬೇಕಾದಷ್ಟು ಅಗೆದು, ಬಿಲುಮ್ ಎಂಬ ಹೆಣೆದ ಚೀಲಕ್ಕೆ ತುಂಬಿ, ಅದರ ಪಟ್ಟಿಯನ್ನು ಹಣೆಗೆ ಸಿಕ್ಕಿಸಿ, ಬೆನ್ನ ಮೇಲೆ ಹೊತ್ತು ತರುತ್ತಾರೆ. ಇನ್ನೊಂದು ಬಿಲುಮ್‌ನಲ್ಲಿ ಮಗು ಮಲಗಿರುತ್ತದೆ. ಸಣ್ಣ ಗೆಡ್ಡೆ, ಮಿಕ್ಕಿದ್ದು ಎಲ್ಲ ಹಂದಿಗೆ. ನಮ್ಮ ಕಣಜದ ಕೆಲಸವನ್ನು ಅಲ್ಲಿ ಹಂದಿ ಮಾಡುತ್ತದೆ. ಮಿಗತೆ ಬೆಳೆ ಹಂದಿಯ ಮೈಯಲ್ಲಿ ಸೇರುತ್ತದೆ, ಬೇಕಾದಾಗ ಮದುವೆಗೆ, ಸಾವಿಗೆ, ಜಗಳದ ದಂಡಕ್ಕೆ ಹೊರಬರುತ್ತದೆ. ಹಂದಿ ಸಾಕುವವಳು ಹೆಂಗಸು, ಅದನ್ನು ಕೊಟ್ಟು ಹೆಸರು ಪಡೆಯುವವನು ಗಂಡಸು. ಇದು ನನಗೆ ಕೊನೆವರೆಗೂ ಜೀರ್ಣವಾಗಲಿಲ್ಲ.

ಹೊಟ್ಟೆಗೆ ಇಲ್ಲ ಅನ್ನುವ ಬಡತನ ಸಾಮಾನ್ಯ ವರ್ಷದಲ್ಲಿ ಅಲ್ಲಿ ಕಾಣುವುದಿಲ್ಲ. ದೇಶದ ಸುಮಾರು 97 ಪರ್ಸೆಂಟ್ ಭೂಮಿ ಕುಲದ ಹೆಸರಿನಲ್ಲಿದೆ, ಯಾರೂ ಮಾರುವ ಹಾಗಿಲ್ಲ. ಹಾಗಾಗಿ ಭೂಮಿ ಇಲ್ಲದವನು ಅಂತ ಹಳ್ಳಿಯಲ್ಲಿ ಸಿಗುವುದೇ ಕಷ್ಟ. ನಮ್ಮ ಕಡೆ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದವರನ್ನು ನೋಡಿ ಬೆಳೆದ ನನಗೆ ಇದು ದೊಡ್ಡ ವಿಷಯ ಅನ್ನಿಸಿತು. ಆದರೆ ಎಲ್ ನಿನೋ ವರ್ಷ ಬಂದರೆ ಕಥೆ ಬೇರೆ. 1972, 1997, 2015ರಲ್ಲಿ ಎಂಗಾ ಪ್ರಾಂತ್ಯದ ಎತ್ತರದ ಊರುಗಳಲ್ಲಿ ರಾತ್ರೋರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಗೆಣಸಿನ ಬಳ್ಳಿ ಸುಟ್ಟು ಹೋಯಿತು. ಆ ಎತ್ತರದಲ್ಲಿ ಮತ್ತೆ ನೆಟ್ಟು ಗೆಡ್ಡೆ ಕೀಳಲು ಎಷ್ಟೋ ತಿಂಗಳು ಬೇಕು. ಆಗ ಜನ ತಗ್ಗಿನ ಊರಿನ ನೆಂಟರ ಮನೆಗೆ ನಡೆದು ಹೋಗುತ್ತಾರೆ. ನೆಂಟಸ್ತನವನ್ನು ಅವರು ಅಷ್ಟು ಜೋಪಾನ ಮಾಡುವುದು ಸುಮ್ನೆ ಅಲ್ಲ.

ಮನೆ ತಗ್ಗು, ಕಿಟಕಿ ಇಲ್ಲ, ಕುನಾಯಿ ಹುಲ್ಲಿನ ಮಾಡು. ನಡುವೆ ಬೆಂಕಿ. ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುವ ಊರಿನಲ್ಲಿ ಅದು ಬೇಕೇ ಬೇಕು. ಹೊಗೆಗೆ ಹೊರಹೋಗುವ ದಾರಿ ಇಲ್ಲ, ಹುಲ್ಲಿನ ಸಂದಿಯಿಂದ ನಿಧಾನ ಸೋರುತ್ತದೆ. ಹುಳ ಹಿಡಿಯದೆ ಮಾಡು ಬಾಳಿಕೆ ಬರುತ್ತದೆ, ಮಕ್ಕಳ ಶ್ವಾಸಕೋಶ ಬಾಳಿಕೆ ಬರುವುದಿಲ್ಲ. ನ್ಯುಮೋನಿಯಾ ಅಲ್ಲಿ ಮಕ್ಕಳನ್ನು ಕೊಲ್ಲುವ ದೊಡ್ಡ ಕಾಯಿಲೆ.

ನರಮಾಂಸದ ವಿಷಯ. ಇದಕ್ಕೆ ಒಂದು ನಿಜವಾದ ಹಿನ್ನೆಲೆ ಇದೆ, ಅದನ್ನು ಮಸಾಲೆ ಹಾಕದೆ ಹೇಳುತ್ತೇನೆ. ಗೊರೊಕಾ ಇರುವ ಈಸ್ಟರ್ನ್ ಹೈಲ್ಯಾಂಡ್ಸ್ ಪ್ರಾಂತ್ಯದಲ್ಲೇ, ಓಕಾಪಾ ಕಡೆ ಫೋರೆ ಎಂಬ ಜನರಲ್ಲಿ, ಸತ್ತ ಬಂಧುವಿನ ದೇಹವನ್ನು ಮನೆಯವರೇ ತಿನ್ನುವ ಅಂತ್ಯಕ್ರಿಯೆಯ ಪದ್ಧತಿ ಇತ್ತು. ಹುಳ ತಿನ್ನುವುದಕ್ಕಿಂತ ತಮ್ಮವರ ಹೊಟ್ಟೆ ಸೇರಲಿ ಅನ್ನುವ ಪ್ರೀತಿ ಅದು. ಶತ್ರುವನ್ನು ಕೊಂದು ಬೇಯಿಸುವ ಸಿನಿಮಾ ದೃಶ್ಯ ಅಲ್ಲ. ಅದರಿಂದ ಕುರು ಎಂಬ ಮಿದುಳಿನ ರೋಗ ಹರಡಿತು. ನಡುಕ, ನಡೆಯಲಾಗದ ಸ್ಥಿತಿ, ಸುಮಾರು ಒಂದು ವರ್ಷದಲ್ಲಿ ಸಾವು. ಹೆಂಗಸರು, ಮಕ್ಕಳೇ ಜಾಸ್ತಿ ಸತ್ತರು, ಏಕೆಂದರೆ ಮಿದುಳು ಹೆಚ್ಚಾಗಿ ಅವರ ಪಾಲಿಗೆ ಬರುತ್ತಿತ್ತು. 1960ರ ಹೊತ್ತಿಗೆ ಪದ್ಧತಿ ನಿಂತಿತು. ಆದರೂ ರೋಗ ಕೆಲವರ ಮೈಯಲ್ಲಿ 50 ವರ್ಷ ಅಡಗಿ ಕುಳಿತು ಆಮೇಲೆ ಹೊರಬಂತು. 1957ರಿಂದ ಲೆಕ್ಕ ಹಾಕಿದರೆ ಎರಡೂವರೆ ಸಾವಿರಕ್ಕೂ ಹೆಚ್ಚು ಸಾವು. ಇದರ ಮೇಲಿನ ಕೆಲಸಕ್ಕೆ ಅಮೆರಿಕದ ವೈದ್ಯವಿಜ್ಞಾನಿ ಗೈಡುಶೆಕ್ 1976ರಲ್ಲಿ ನೊಬೆಲ್ ಪಡೆದರು. ಇದು ಮುಗಿದ ಕಥೆ. ಅಲ್ಲಿನವರ ಮುಂದೆ ಇದನ್ನು ತಮಾಷೆಗೆ ಎತ್ತಬೇಡಿ, ಅವರ ಅಜ್ಜಿ ಆ ರೋಗದಲ್ಲಿ ಹೋಗಿರಬಹುದು.

ಈಗ ಜನ ಸಾಯುವುದು ಬಹಳ ಸಾಧಾರಣ ಕಾರಣಗಳಿಗೆ. ಹೆರಿಗೆ, ನ್ಯುಮೋನಿಯಾ, ಕ್ಷಯ, ಗಾಯ ಕೊಳೆತು. ಹಳ್ಳಿಗೆ ಒಂದು ಏಡ್ ಪೋಸ್ಟ್ ಇರುತ್ತದೆ, ಅಂದರೆ ಒಂದು ಕೋಣೆ, ಒಬ್ಬ ಆರೋಗ್ಯ ಕಾರ್ಯಕರ್ತ, ಅದೃಷ್ಟ ಇದ್ದರೆ ಮಾತ್ರೆ. ನಾನು ನೋಡಿದ ಒಂದು ಏಡ್ ಪೋಸ್ಟಿನ ಬೀಗಕ್ಕೆ ತುಕ್ಕು ಹಿಡಿದಿತ್ತು. ಹೆರಿಗೆ ಕಷ್ಟವಾದರೆ ಎರಡು ಗಳುವಿಗೆ ಕಂಬಳಿ ಕಟ್ಟಿ ಗಂಡಸರು ಪಾಳಿ ಮೇಲೆ ಹೊತ್ತು ನಡೆಯುತ್ತಾರೆ. ಕುದುರೆಮುಖದ ಕಡೆ ಮಳೆಗಾಲದಲ್ಲಿ ಜೋಲಿ ಕಟ್ಟಿ ರೋಗಿಗಳನ್ನು ಹೊರುವುದು ನಮಗೂ ಗೊತ್ತಿರುವುದೇ, ಆದರೆ ನಮ್ಮವರಿಗೆ ಕೊನೆಗೆ ಒಂದು ಜೀಪು ಸಿಗುತ್ತದೆ. ಪೋಲಿಯೋ ಹೋಯಿತು ಅಂತ 2000ದಲ್ಲಿ ಸರ್ಟಿಫಿಕೇಟ್ ಸಿಕ್ಕಿದ ದೇಶದಲ್ಲಿ 2018ರಲ್ಲಿ ಅದು ಮತ್ತೆ ಬಂತು. ಲಸಿಕೆ ತಣ್ಣಗೆ ಇಡಲು ಕರೆಂಟ್ ಬೇಕು, ಹೊತ್ತು ತರಲು ದಾರಿ ಬೇಕು. ಆ ವರ್ಷ ದೇಶದಲ್ಲಿ ಕರೆಂಟ್ ಇದ್ದದ್ದು ಸುಮಾರು 13 ಪರ್ಸೆಂಟ್ ಜನಕ್ಕೆ. 2030ರೊಳಗೆ 70 ಮಾಡುತ್ತೇವೆ ಅಂತ ದೊಡ್ಡ ದೇಶಗಳ ಜೊತೆ ಸಹಿ ಹಾಕಿದರು. ಹಳ್ಳಿಯಲ್ಲಿ ನಾನು ಕಂಡ ಕರೆಂಟ್ ಅಂದರೆ ಅಂಗೈ ಅಗಲದ ಸೋಲಾರ್ ತಟ್ಟೆ, ಒಂದು ಬಲ್ಬು, ದುಡ್ಡು ತೆಗೆದುಕೊಂಡು ಫೋನ್ ಚಾರ್ಜ್ ಮಾಡಿಕೊಡುವ ಒಬ್ಬ ಹುಡುಗ. ಫೋನಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು.

ಕಾಫಿ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಡದವರು ದಾಟಿ ಹೋಗಿ. ದೂರದ ಹಳ್ಳಿಗೆ ಕೈಗೆ ಕಾಸು ಬರುವುದು ಇದೊಂದರಿಂದಲೇ. ಮನೆ ಹಿಂದೆ ಕೆಲವು ನೂರು ಅರೇಬಿಕಾ ಗಿಡ, ಅಷ್ಟೇ. ತೋಟ ಅನ್ನಲು ನಮ್ಮವರಿಗೆ ಬಾಯಿ ಬಾರದು. ಗೊಬ್ಬರ ಇಲ್ಲ, ಸ್ಪ್ರೇ ಇಲ್ಲ, ಕಸಿ, ಅಂದರೆ ಗಿಡದ ರೆಂಬೆ ಸವರುವುದು, ಅಪರೂಪ. ನೆರಳಿಗೆ ನಾವು ಸಿಲ್ವರ್ ಓಕ್ ಮರ ಹಾಕುವಲ್ಲಿ ಅವರು ಗಾಳಿಮರ ಹಾಕುತ್ತಾರೆ, ಅದು ಮಣ್ಣಿಗೆ ಸಾರಜನಕವನ್ನೂ ಕೊಡುತ್ತದೆ. ಪಾಳು ಬಿಟ್ಟ ಗೆಣಸಿನ ಹೊಲದಲ್ಲಿ ಅದನ್ನು ನೆಡುವ ಪದ್ಧತಿ ಕಾಫಿ ಬರುವ ಮೊದಲೇ ಇತ್ತು. ಅವರ ಮಣ್ಣಿನ ಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಹಣ್ಣನ್ನು ಕೈಯಲ್ಲಿ ತಿರುಗಿಸುವ ಪಲ್ಪರ್‌ಗೆ ಹಾಕಿ, ಗೋಣಿಯಲ್ಲೋ ಡ್ರಮ್ಮಿನಲ್ಲೋ ಕೊಳೆಸಿ, ತೊಳೆದು, ಅಂಗಳದಲ್ಲಿ ಟಾರ್ಪಾಲಿನ ಮೇಲೆ ಒಣಗಿಸುತ್ತಾರೆ. ಮಧ್ಯಾಹ್ನದ ಮಳೆಗೆ ಓಡಿ ಬಂದು ಮಡಚುತ್ತಾರೆ. ಎಲೆ ತುಕ್ಕು ರೋಗ 1986ರಲ್ಲಿ ಬಂತು, ಕಾಯಿಕೊರಕ ಹುಳ 2017ರಲ್ಲಿ. ನಮ್ಮ ದೇಶದಲ್ಲಿ ಕಾಯಿಕೊರಕ 1990ರಲ್ಲೇ ಗೂಡಲೂರಿನಲ್ಲಿ ಕಂಡಿತ್ತಲ್ಲ, ಹಾಗಾಗಿ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು, ನಿಮ್ಮೂರಿನಲ್ಲಿ ಏನು ಮಾಡುತ್ತೀರಿ ಅಂತ. ಗಿಡದಲ್ಲಿ, ನೆಲದಲ್ಲಿ ಒಂದೂ ಹಣ್ಣು ಬಿಡಬೇಡಿ, ಆರಿಸಿ ತೆಗೆಯಿರಿ ಅಂತ ಹೇಳುತ್ತಿದ್ದೆ. ಒಬ್ಬ ಮುದುಕ ನಕ್ಕು ಕೇಳಿದ, ಬೆಲೆ ಬಿದ್ದರೆ ಗಿಡದ ಹಣ್ಣನ್ನೇ ಕೀಳುವುದಿಲ್ಲ, ನೆಲದ್ದನ್ನು ಯಾರು ಆರಿಸುತ್ತಾರೆ?

ಆಮೇಲೆ ಸಾಗಣೆ. ಚಿಕ್ಕ ವಿಮಾನ ಒಂದು ಸಲಕ್ಕೆ ಹೆಚ್ಚೆಂದರೆ ಸುಮಾರು ಒಂದು ಟನ್ ಹೊರುತ್ತದೆ. ಅದರ ಬಾಡಿಗೆಯನ್ನು ಕಿಲೋ ಲೆಕ್ಕದಲ್ಲಿ ಬೆಳೆಗಾರನ ಬೆಲೆಯಿಂದಲೇ ಮುರಿದುಕೊಳ್ಳುತ್ತಾರೆ. ಅಂಗಡಿಗೆ ಬರುವ ಅಕ್ಕಿ, ಡಬ್ಬಿ ಮೀನಿಗೂ ಅದೇ ಬಾಡಿಗೆ ಸೇರುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅವರೇ ಕೊಡಬೇಕು. ವಿಮಾನ ತಪ್ಪಿದರೆ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಹೊಟ್ಟು ತೆಗೆಯದ ಕಾಫಿ) ಚೀಲ ಅದೇ ಹೊಗೆಮನೆಯಲ್ಲಿ ವಾರಗಟ್ಟಲೆ ಕಾಯುತ್ತದೆ. ಗೊರೊಕಾದಲ್ಲಿ ಕಪ್ಪಿಂಗ್ ಅಂದರೆ ಕಾಫಿ ರುಚಿ ನೋಡುವ ಮೇಜಿನ ಮುಂದೆ ಕುಳಿತು ಬಾಯಿಗೆ ಹಾಕಿದರೆ ಹೊಗೆ ರುಚಿ ಬರುತ್ತದೆ. ದರ್ಜೆ ಇಳಿಸುತ್ತೇವೆ, ಬೆಲೆ ಇನ್ನೂ ಇಳಿಯುತ್ತದೆ. ಅದೇ ಕಾಫಿ ಹೆದ್ದಾರಿ ಪಕ್ಕ ಬೆಳೆದಿದ್ದರೆ ಇಂಥ ತಾಪತ್ರಯವೇ ಇಲ್ಲ. 1,800 ಮೀಟರ್ ಎತ್ತರದ ಅಷ್ಟು ಒಳ್ಳೆ ಕಾಫಿಗೆ ಹೀಗಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶಾಲೆ ಇದೆ. ಕಟ್ಟಡ ಊರವರೇ ಕಟ್ಟಿರುತ್ತಾರೆ. ಮೇಷ್ಟರು ಸಂಬಳ ತರಲು ಪಟ್ಟಣಕ್ಕೆ ಹೋದರೆ ಯಾವಾಗ ಬರುತ್ತಾರೆ ಅನ್ನುವುದು ವಿಮಾನದ ಮೇಲೆ, ಅವರ ಮನಸ್ಸಿನ ಮೇಲೆ ನಿಂತಿದೆ. ನಾನಾಗಿದ್ದರೂ ಬೇಗ ಬರುತ್ತಿದ್ದೆನಾ ಗೊತ್ತಿಲ್ಲ.

ಕೆಟ್ಟದ್ದನ್ನೂ ಹೇಳಬೇಕು. ಸಾಂಗುಮಾ ಅಂದರೆ ಮಾಟ. ಯುವಕ ದಿಢೀರ್ ಸತ್ತರೆ ಯಾರೋ ಮಾಡಿಸಿದ್ದಾರೆ ಅನ್ನುತ್ತಾರೆ, ಬೆರಳು ತೋರಿಸುವುದು ಎಷ್ಟೋ ಸಲ ಒಂಟಿ ಹೆಂಗಸಿನ ಕಡೆ. ಹಿಂಸೆ, ಕೊಲೆ ನಡೆಯುತ್ತವೆ. ಮಾಟವನ್ನು ಒಪ್ಪಿಕೊಂಡಂತಿದ್ದ 1971ರ ಕಾನೂನನ್ನು 2013ರಲ್ಲಿ ರದ್ದು ಮಾಡಿದರು, ಮನೆಯೊಳಗಿನ ಹಿಂಸೆಗೆ ಅದೇ ವರ್ಷ ಬೇರೆ ಕಾನೂನು ತಂದರು. ಕಾನೂನು ಪುಸ್ತಕ ಮಾರವಾಕಾಕ್ಕೆ ನಡೆದು ಬರಬೇಕಲ್ಲ. 2017ರಲ್ಲಿ ಆಯ್ಕೆಯಾದ ಸಂಸತ್ತಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, 2022ರಲ್ಲಿ ಇಬ್ಬರು. ಹೆಂಗಸರ ಬದುಕಿನ ಬಗ್ಗೆ ನನಗೆ ತಿಳಿದದ್ದು ಕಡಿಮೆ ಅಂತಲೇ ಇಟ್ಟುಕೊಳ್ಳಿ, ನಾನು ಗಂಡಸು, ಹೊರಗಿನವನು, ಅವರು ನನ್ನ ಹತ್ತಿರ ಗೆಣಸಿನ ಬೆಲೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಕುಲದ ಜಗಳಗಳು ಹಿಂದೆ ಬಿಲ್ಲು ಬಾಣದಲ್ಲಿ ನಡೆಯುತ್ತಿದ್ದವು, ಒಂದೆರಡು ಸಾವಿಗೆ ಹಂದಿ ಕೊಟ್ಟು ನಿಲ್ಲಿಸುತ್ತಿದ್ದರು. ಈಗ ಬಂದೂಕು ಬಂದಿದೆ. 2024ರ ಫೆಬ್ರವರಿಯಲ್ಲಿ ಎಂಗಾದಲ್ಲಿ ಒಂದೇ ಹೊಡೆದಾಟದಲ್ಲಿ ಹತ್ತಾರು ಜನ ಸತ್ತರು. ಅದೇ ಪ್ರಾಂತ್ಯದಲ್ಲಿ ಅದೇ ವರ್ಷ ಮೇ 24ರ ಬೆಳಗಿನ ಜಾವ ಯಂಬಾಲಿ ಎಂಬ ಹಳ್ಳಿಯ ಮೇಲೆ ಬೆಟ್ಟ ಕುಸಿಯಿತು. ವಿಶ್ವಸಂಸ್ಥೆಯವರು ಮೊದಲು 670 ಅಂದರು, ಸರ್ಕಾರ 2,000ಕ್ಕೂ ಹೆಚ್ಚು ಜನ ಮಣ್ಣಿನಡಿ ಅಂತು. ಯಾರು ಎಷ್ಟು ಜನ ಅಲ್ಲಿ ಮಲಗಿದ್ದರು ಅನ್ನುವ ಲೆಕ್ಕವೇ ಇಲ್ಲ. ನೆಂಟರು, ಜಗಳದಿಂದ ಓಡಿ ಬಂದವರು ಎಲ್ಲ ಇದ್ದರಂತೆ. ಚಿನ್ನದ ಗಣಿಗೆ ಹೋಗುವ ರಸ್ತೆಯ ಪಕ್ಕದ ಊರು ಅದು, ಅಲ್ಲಿಗೇ ದೊಡ್ಡ ಯಂತ್ರ ಬರಲು ದಿನಗಳು ಹಿಡಿದವು. ಜನ ಸನಿಕೆ, ಕೋಲು, ಬರಿಗೈಯಲ್ಲಿ ಅಗೆಯುತ್ತಿದ್ದರು.

ಒಂದು ಅಡಿಕೆ ವಿಷಯ ಹೇಳಿಬಿಡುತ್ತೇನೆ, ಮಲೆನಾಡಿನವರಿಗೆ ಇಷ್ಟವಾಗುತ್ತದೆ. ಅಲ್ಲಿ ಎಲ್ಲರೂ ಅಡಿಕೆ ಜಗಿಯುತ್ತಾರೆ, ಬುವಾಯಿ ಅಂತ ಹೆಸರು. ಬೇಯಿಸಿದ್ದಲ್ಲ, ಒಣಗಿಸಿದ್ದಲ್ಲ, ಹಸಿ ಕಾಯಿಯನ್ನು ಹಲ್ಲಲ್ಲಿ ಸುಲಿದು, ವೀಳ್ಯದ ಎಲೆಯ ಬದಲು ಅದರ ಉದ್ದ ತೆನೆಯನ್ನು ಸುಣ್ಣದ ಪುಡಿಯಲ್ಲಿ ಅದ್ದಿ ಕಚ್ಚುತ್ತಾರೆ. ಒಳ್ಳೆಯ ಅಡಿಕೆ ಕರಾವಳಿಯಿಂದ ಬೆಟ್ಟಕ್ಕೆ ಬರಬೇಕು. ನನ್ನನ್ನು ಕಂಡವರಿಗೆಲ್ಲ ಮೊದಲು ನಂಬಿಕೆ ಬಂದದ್ದು ನಾನು ಅಡಿಕೆ ಮನೆಯವನು ಅಂತ ಗೊತ್ತಾದ ಮೇಲೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ. ಬೆಂಗಳೂರಿನಿಂದ ಸಿಂಗಾಪುರ, ಅಲ್ಲಿಂದ ಪೋರ್ಟ್ ಮೋರ್ಸ್‌ಬಿ, ಅಲ್ಲಿಂದ ಸುಮಾರು ಒಂದು ಗಂಟೆ ಹಾರಿದರೆ ಗೊರೊಕಾ. ಮೇಳ ನೋಡಬೇಕಾದರೆ ಸೆಪ್ಟೆಂಬರ್ ಮಧ್ಯಕ್ಕೆ ಹೋಗಿ. ಹಳ್ಳಿಗೆ ಹೋಗುವುದಾದರೆ ಆ ಊರಿನವರೇ ಒಬ್ಬರು ಜೊತೆಗಿರಬೇಕು, ಒಬ್ಬರೇ ಹೊರಡಬೇಡಿ. ಊಟಕ್ಕೆ ಏನೂ ತೊಂದರೆ ಇಲ್ಲ. ಗೆಣಸು, ಸೊಪ್ಪು, ಜೋಳ, ಬೆಣ್ಣೆಹಣ್ಣು, ಬಾಳೆ ಬೇಕಾದಷ್ಟು ಸಿಗುತ್ತದೆ. ಹಬ್ಬಕ್ಕೆ ಗುಂಡಿ ತೋಡಿ, ಕಾದ ಕಲ್ಲು, ಬಾಳೆ ಎಲೆ ಹಾಕಿ ಹಂದಿಯ ಜೊತೆ ಎಲ್ಲವನ್ನೂ ಒಟ್ಟಿಗೆ ಬೇಯಿಸುತ್ತಾರೆ, ನಿಮ್ಮದನ್ನು ಬೇರೆ ಎಲೆಯಲ್ಲಿ ಕಟ್ಟಲು ಮೊದಲೇ ಹೇಳಿ. ಹಂದಿ ಬೇಡ ಅಂದರೆ ಯಾರಿಗೂ ಬೇಜಾರಿಲ್ಲ, ಸೆವೆಂತ್ ಡೇ ಚರ್ಚಿನವರು ಅಲ್ಲೇ ಬೇಕಾದಷ್ಟು ಜನ ಇದ್ದಾರೆ, ಅವರೂ ಮುಟ್ಟುವುದಿಲ್ಲ, ನಿಮ್ಮನ್ನೂ ಆ ಲೆಕ್ಕಕ್ಕೆ ಸೇರಿಸುತ್ತಾರೆ. ಡಬ್ಬಿ ಮೀನಿನ ವಿಷಯದಲ್ಲಿ ಮಾತ್ರ ಹುಷಾರು. ಅದು ಬೆಲೆ ಕೊಟ್ಟು ತಂದು ನೆಂಟರಿಗೆ ಅಂತ ಎತ್ತಿಟ್ಟಿರುವುದು, ಡಬ್ಬಿ ಕೊಯ್ಯುವ ಮೊದಲೇ ಬೇಡ ಅಂದುಬಿಡಿ.